ಎರಡು ಪಾದ ಊರುವಷ್ಟು ಜಾಗ

ನಮ್ಮಕ್ಕ ನನ್ನ ಮಗಳ ಕಾರನ್ನು ಇನ್ನು ಹತ್ತುವುದಿಲ್ಲ ಎಂದು ತೀರ್ಮಾನ ಮಾಡಿದ್ದು ಮೊಳಕಾಲ್ಮೂರಿನ ಒಂದು ಕಲ್ಯಾಣ ಮಂಟಪದ ಮುಂದೆ, ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ನಿಂತಿದ್ದ ಅರ್ಧ ಊರಿನ ಎದುರಿಗೆ.

ಅವಳಿಗೆ ಎಪ್ಪತ್ತೊಂಬತ್ತು, ನನಗೆ ಎಪ್ಪತ್ತೊಂದು. ನಾನು ಅಪ್ಪನ ಹಾಗೆ ಉದ್ದ, ಅವಳು ಅವ್ವನ ಹಾಗೆ ಗಿಡ್ಡ. ನನ್ನ ಮಗಳು ಚಳ್ಳಕೆರೆಯಲ್ಲಿ ದನದ ಡಾಕ್ಟರು. ದನ ಅನ್ನುವುದು ಹೆಸರಿಗೆ, ನಮ್ಮ ಕಡೆ ಮುಕ್ಕಾಲು ಪಾಲು ಕುರಿಗಳದ್ದೇ ಕಾಯಿಲೆ. ಕುರಿ ಹಟ್ಟಿಗಳಿಗೆ ಟಾರು ರಸ್ತೆ ಇರುವುದಿಲ್ಲ. ಬದು ಹತ್ತಿ, ಹಳ್ಳ ಇಳಿದು, ಜಾಲಿಮುಳ್ಳಿನ ನಡುವೆ ಹೋಗಬೇಕು. ಅದಕ್ಕೆಂದೇ ಒಂದು ಎತ್ತರದ ಗಾಡಿಯನ್ನು, ಈಗ ಎಲ್ಲರೂ ಎಸ್‌ಯುವಿ ಅನ್ನುತ್ತಾರಲ್ಲ ಅದನ್ನು, ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡಳು. ಅದರ ಒಳಗಿನ ನೆಲ ಹೊರಗಿನ ನೆಲದಿಂದ ಒಂದು ಮೊಳಕ್ಕೂ ಹೆಚ್ಚು ಮೇಲಿದೆ. ನಾನು ಹೇಗೋ ಜಿಗಿದು ಹತ್ತುತ್ತಿದ್ದೆ. ಅಕ್ಕನನ್ನು ಮಾತ್ರ ಪ್ರತಿ ಸಲ ಯಾರಾದರೂ ಹಿಂದಿನಿಂದ ನೂಕಬೇಕಿತ್ತು, ಅದನ್ನು ಅವಳು ನಗುನಗುತ್ತಲೇ ಸಹಿಸಿಕೊಂಡಿದ್ದಳು.

ಅವತ್ತು ನೂಕುವುದಕ್ಕೆ ಬಂದವರು ಮದುವೆ ಮನೆಯ ಇಬ್ಬರು ಗಂಡಸರು. ಆಚೆಗೊಬ್ಬ ಈಚೆಗೊಬ್ಬ ನಿಂತು ಕಂಕುಳಿಗೆ ಕೈ ಕೊಟ್ಟು, "ಒಂದ್, ಎಲ್ಡ್, ಮೂರ್" ಅಂತ ಎತ್ತಿಯೇಬಿಟ್ಟರು. ಸೀರೆ ಮೀನಖಂಡದವರೆಗೂ ಮೇಲೆ ಹೋಯಿತು. ಹಿಂದೆ ಯಾರೋ, "ಲೇ, ನಿಧಾನ ಕಣ್ಲೇ, ಶೇಂಗಾ ಮೂಟೆ ಅಲ್ಲ ಅದು!" ಅಂದರು. ಜನ ನಕ್ಕರು. ಮನೆ ಮುಂದೆ ಇಳಿದ ಮೇಲೆ ಅಕ್ಕ ಸೆರಗು ಸರಿ ಮಾಡಿಕೊಂಡು ಹೇಳಿದಳು:

"ಇನ್ನು ಮ್ಯಾಲೆ ನಿಮ್ಮ ಕಾರು ನನಗೆ ವದ್ದು."

ಆಂಧ್ರದ ಗಡಿಯ ಮೊಳಕಾಲ್ಮೂರಿನಲ್ಲಿ ಅರವತ್ತೆರಡು ವರ್ಷ ಬಾಳಿದವಳು. ನಗುವಾಗ ಕನ್ನಡ, ಬೇಡ ಅನ್ನುವಾಗ ಮಾತ್ರ ತೆಲುಗು. ಅವಳು 'ಬ್ಯಾಡ' ಅಂದರೆ ಇನ್ನೊಂದು ಸಲ ಕೇಳಬಹುದು. 'ವದ್ದು' ಅಂದರೆ ಮುಗಿಯಿತು.

ಒಂದು ಕಾರು ಹತ್ತದಿದ್ದರೆ ಏನು ಮಹಾ ಅಂತ ನಿಮಗೆ ಅನ್ನಿಸಬಹುದು. ನಮಗೆ ಆ ಕಾರೇ ಎಲ್ಲ ಆಗಿತ್ತು. ತಿಂಗಳಿಗೆ ಎರಡು ಶನಿವಾರ ಮಗಳು ಮೊಳಕಾಲ್ಮೂರಿಗೆ ಬಂದು ಅಕ್ಕನನ್ನು ಕರೆದುಕೊಂಡು ಚಳ್ಳಕೆರೆಗೆ ಹೊರಡುವಳು, ಭಾನುವಾರ ವಾಪಸ್ ಬಿಡುವಳು. ನಾನೂ ಜೊತೆಗೆ. ಹೋಗುತ್ತಾ ಒಂದು ಗಂಟೆ, ಬರುತ್ತಾ ಒಂದು ಗಂಟೆ, ಹಿಂದಿನ ಸೀಟಿನಲ್ಲಿ ನಾವಿಬ್ಬರೇ. ಅಕ್ಕನ ಮದುವೆಯಾದಾಗ ನನಗೆ ಒಂಬತ್ತು ವರ್ಷ. ಆಮೇಲೆ ನಾನು ಬಳ್ಳಾರಿಯಲ್ಲಿ ಹಾಸ್ಟೆಲಿಗೆ, ಕಾನ್ವೆಂಟಿಗೆ ಹೋದೆ. ಅವಳು ಸೀರೆ ವ್ಯಾಪಾರದ ದೊಡ್ಡ ಮನೆಗೆ ಸೇರಿದಳು. ಯಾವಾಗ ಭೇಟಿಯಾದರೂ ಸುತ್ತ ಜನ. ಅತ್ತೆ, ಮಾವ, ಮಕ್ಕಳು, ಸೀರೆ ನೋಡಲು ಬಂದ ಗಿರಾಕಿಗಳು, ಒಲೆ ಮೇಲೆ ಉಕ್ಕುವ ಹಾಲು. ಬಾಗಿಲು ಮುಚ್ಚಿಕೊಂಡು ಇಬ್ಬರೇ ಕೂತು ಮಾತಾಡಿದ್ದು ಅಂತ ಇದ್ದರೆ ಅದು ಈ ಕಾರಿನ ಬಾಗಿಲು ಮುಚ್ಚಿಕೊಂಡೇ. ಅವ್ವ ಯಾವ ಡಬ್ಬದಲ್ಲಿ ಏನು ಬಚ್ಚಿಡುತ್ತಿದ್ದಳು, ಅಪ್ಪನ ಸಿಟ್ಟು ಯಾರಿಗೆ ಬಂದಿದೆ, ನನ್ನನ್ನು ನೋಡಲು ಬಂದು ಬೇಡ ಅಂದುಹೋದ ವಕೀಲ ಆಮೇಲೆ ಎಷ್ಟು ದಪ್ಪ ಆದ, ಎಲ್ಲವೂ ತಳಕು ದಾಟುವುದರೊಳಗೆ ಬರುತ್ತಿತ್ತು. ಮಗಳು ಗಾಡಿ ಓಡಿಸುತ್ತಾ, "ನನಗೇನೂ ಕೇಳಿಸ್ತಿಲ್ಲಪ್ಪ" ಅನ್ನುತ್ತಿದ್ದಳು. ವಕೀಲನ ವಿಷಯಕ್ಕೆ ಮಾತ್ರ ಅವಳ ಹೆಗಲು ಕುಲುಕುತ್ತಿತ್ತು.

ಅದೆಲ್ಲ ನಿಂತು ಎರಡು ತಿಂಗಳಾಯಿತು. ಫೋನಿದೆ, ಆದರೆ ಫೋನಿನಲ್ಲಿ ಅಕ್ಕ ರೇಡಿಯೋ ನ್ಯೂಸ್ ಓದಿದ ಹಾಗೆ ಮಾತಾಡುತ್ತಾಳೆ. ಪಕ್ಕದಲ್ಲಿ ಸೊಸೆ ಇರುತ್ತಾಳೆ. "ಊಟ ಆಯ್ತಾ? ಆಯ್ತು. ಮಳೆ ಬಂತಾ? ಇಲ್ಲ. ಇಡ್ಲಾ?" ಅಷ್ಟೇ.

"ಅಮ್ಮ, ಇದಕ್ಕೆ ಯಾಕೆ ಇಷ್ಟು ತಲೆ ಕೆಡಿಸ್ಕೋತೀಯ? ಫುಟ್‌ಸ್ಟೆಪ್ ಹಾಕಿಸಿದ್ರೆ ಆಯ್ತು," ಅಂದಳು ಮಗಳು.

ಹೀಗೆ ನಾನು ಚಳ್ಳಕೆರೆಯ ಹೈವೇ ಪಕ್ಕದ ಒಂದು ಕಾರ್ ಆಕ್ಸೆಸರೀಸ್ ಅಂಗಡಿಗೆ ಜೀವನದಲ್ಲಿ ಮೊದಲ ಸಲ ಕಾಲಿಟ್ಟೆ. ಒಂದು ಕಡೆ ಪಂಕ್ಚರ್ ಅಂಗಡಿ, ಇನ್ನೊಂದು ಕಡೆ ಶೇಂಗಾ ಹಿಂಡಿ ಮಾರುವ ಮಳಿಗೆ. ಒಳಗೆ ಹೋದರೆ ಹೊಸ ರಬ್ಬರಿನ ವಾಸನೆಗೆ ಹಿಂಡಿಯ ವಾಸನೆ ಬೆರೆತು ಒಂಥರಾ ಹಸಿವಾಗುತ್ತದೆ. ಅಂಗಡಿಯ ಸಾಹೇಬರು ನನ್ನ ವಯಸ್ಸಿಗೆ ಹತ್ತಿರದವರೇ, ಗಡ್ಡಕ್ಕೆ ಮೆಹಂದಿ ಹಚ್ಚಿದ್ದರು. ಪ್ಲಾಸ್ಟಿಕ್ ಸ್ಟೂಲನ್ನು ತಮ್ಮ ಹೆಗಲ ವಸ್ತ್ರದಿಂದಲೇ ಒರೆಸಿ, "ಬೈಠೋ ಅಮ್ಮಾಜಿ, ಕೂತ್ಕಳ್ರಿ" ಅಂದರು.

ಕಾರಿನ ಕಿಟಕಿಯಿಂದ ಕೆಳಗೆ ಏನಿದೆ ಅಂತ ನಾನು ಅಲ್ಲಿಯವರೆಗೆ ನೋಡಿದವಳೇ ಅಲ್ಲ. ಅಲ್ಲಿ ಗೋಡೆ ತುಂಬ ಬರೀ ಅದೇ ಇತ್ತು. ದುಂಡು ಪೈಪು, ಮೊಟ್ಟೆಯಾಕಾರದ ಪೈಪು, ಮೇಲೆ ರಬ್ಬರ್ ಗುಂಡಿಗಳಿರುವ ಅಗಲವಾದ ಹಲಗೆ, ಕಪ್ಪು ಬಣ್ಣದ ದಪ್ಪ ಕಬ್ಬಿಣದ ಸೈಡ್ ಗಾರ್ಡ್. ನನ್ನ ಕ್ಯೂರಿಯಾಸಿಟಿ ಕೆರಳಿತು. ಒಂದೊಂದನ್ನೂ ಮುಟ್ಟಿ ನೋಡಿದೆ.

"ಇದೇನಿದು, ವೈರ್ ಎಲ್ಲ ಇದೆ?"

"ಅದು ಆಟೋಮ್ಯಾಟಿಕ್ ಅಮ್ಮಾಜಿ. ಡೋರ್ ತೆಗೆದ್ರೆ ತಾನೇ ಹೊರಗೆ ಬರ್ತೈತೆ, ಮುಚ್ಚಿದ್ರೆ ಒಳಗೆ ಹೋಗ್ತೈತೆ. ನವಾಬರಿಗೆ ಸಲಾಂ ಹೊಡೆದಂಗೆ."

"ಅದೇ ಹಾಕ್ಬಿಡಿ ಮತ್ತೆ."

"ಹಾಕ್ತೀನಿ. ಆದ್ರೆ ನಮ್ಮ ಧೂಳು ನೋಡಿದೀರಲ್ಲ? ಆರು ತಿಂಗಳಿಗೆ ಅರ್ಧ ಸಲಾಂ ಹೊಡೆದು ನಿಂತ್ಕಂಬಿಡ್ತೈತೆ. ಆಮೇಲೆ ನನ್ನ ಬೈತೀರಿ."

ಇಂಥ ಪ್ರಾಮಾಣಿಕ ವ್ಯಾಪಾರಿಯನ್ನು ನೋಡಿ ಬಹಳ ದಿನವಾಗಿತ್ತು. ನಾನು ಕಪ್ಪು ಗಾರ್ಡನ್ನು ತೋರಿಸಿ, ಇದು ಯಾವುದರಿಂದ ಯಾರನ್ನು ಕಾಪಾಡುತ್ತದೆ ಅಂತ ಕೇಳಿದೆ. ಪಕ್ಕದಿಂದ ಲಾರಿ ಬಂದು ಗುದ್ದಿದರೆ ಒಳಗೆ ಕೂತವರಿಗೆ ಏನಾದರೂ ಉಪಯೋಗವಾ? ಸಾಹೇಬರು ಗಡ್ಡ ಕೆರೆದುಕೊಂಡರು. "ಲಾರಿಗೆ ದೇವರೇ ಗಾರ್ಡ್ ಅಮ್ಮಾಜಿ. ಇದು ಬೈಕಿನವರು ಸಂತೇಲಿ ಉಜ್ಜಿಕೊಂಡು ಹೋಗ್ತಾರಲ್ಲ, ಅದಕ್ಕೆ. ಮನುಷ್ಯರನ್ನಲ್ಲ, ಪೇಂಟ್‌ನ ಕಾಪಾಡ್ತೈತೆ."

ಈ ಹೊತ್ತಿಗೆ ಮಗಳು ಕಾರಿನ ಅಡಿಯಲ್ಲಿ ರಟ್ಟು ಹಾಸಿಕೊಂಡು ಮಲಗಿ ಟೇಪು ಹಿಡಿದಿದ್ದಳು. ಅವಳ ಚಿಂತೆಯೇ ಬೇರೆ. ಅಗಲವಾದ ಹಲಗೆ ಕೆಳಗೂ ಬರುತ್ತದೆ, ಹೊರಕ್ಕೂ ಚಾಚುತ್ತದೆ. ಹೊಲದ ಬದು ಹತ್ತಿಸುವಾಗ ಕಲ್ಲಿಗೋ ಜಾಲಿ ಬೊಡ್ಡೆಗೋ ತಗುಲಿದರೆ ಬಾಗಿ ಬಾಗಿಲೇ ತೆರೆಯದಂತೆ ಆಗಬಹುದು. ಪೈಪಾದರೆ ಗಾಡಿಗೆ ಒತ್ತಿಕೊಂಡಿರುತ್ತದೆ, ಗಟ್ಟಿ, ತಗುಲಿದರೂ ಜಾರಿಕೊಂಡು ಹೋಗುತ್ತದೆ. ನನಗೂ ಪೈಪೇ ಇಷ್ಟವಾಯಿತು, ಕಾರಣ ಹೇಳಲು ನಾಚಿಕೆ. ಬೆಳ್ಳಿ ಕಡಗದ ಹಾಗೆ ಹೊಳೆಯುತ್ತಿತ್ತು. ಒಂದೊಂದು ಬಾಗಿಲಿಗೂ ಒಂದೊಂದು ಪಾದ ಇಡುವಷ್ಟು ಕಪ್ಪು ರಬ್ಬರ್ ಪಟ್ಟಿ, ನೆಲದಿಂದ ಒಂದೂವರೆ ಗೇಣು ಎತ್ತರ. ಒಂದು ಹೆಜ್ಜೆ ಇಲ್ಲಿ, ಇನ್ನೊಂದು ಒಳಗೆ. ಸಿಂಪಲ್! ಎರಡೂ ಕಡೆಗೆ ಹಾಕಿಸಿಕೊಂಡು ಬಂದೆವು.

ಮುಂದಿನ ಶನಿವಾರ ಮೊಳಕಾಲ್ಮೂರಿನಲ್ಲಿ ಅಕ್ಕನ ಮನೆ ಮುಂದೆ ಗಾಡಿ ನಿಲ್ಲಿಸಿ, ಹಿಂದಿನ ಎಡ ಬಾಗಿಲನ್ನು ತೆರೆದು, ನಾನೇ ಪೈಪಿನ ಪಕ್ಕ ನಿಂತೆ. ಹೊಸ ಸೊಸೆಯನ್ನು ತೋರಿಸುವವರ ಹಾಗೆ. ಅಕ್ಕ ಬಗ್ಗಿ ನೋಡಿದಳು. ಕೈಯಿಂದ ಒತ್ತಿ ನೋಡಿದಳು. ಪೇಟೆಯಲ್ಲಿ ಸೀರೆಯ ಅಂಚನ್ನು ನೋಡುವ ಗಂಭೀರ ಮುಖ.

"ಚೆನ್ನಾಗೈತೆ. ಯಾರೂ ಮುಟ್ಟಬ್ಯಾಡ್ರಿ. ನಾನೇ ಹತ್ತುತೀನಿ."

ಚಪ್ಪಲಿ ಬಿಟ್ಟಳು, ಒಂದು ಕೈಯಲ್ಲಿ ಒಳಗಿನ ಹಿಡಿ ಹಿಡಿದಳು, ಬಲಗಾಲನ್ನು ಪೈಪಿನ ಮೇಲಿಟ್ಟಳು. ಮೇಲೆದ್ದಳು. ನಾವು ಚಪ್ಪಾಳೆ ತಟ್ಟುವುದೊಂದು ಬಾಕಿ. ಅಷ್ಟರಲ್ಲಿ ಅವಳು ಹಾಗೇ ನಿಂತುಬಿಟ್ಟಳು. ಒಂದು ಕಾಲು ಪೈಪಿನ ಮೇಲೆ, ಇನ್ನೊಂದು ಗಾಳಿಯಲ್ಲಿ. ಎಡಗಾಲನ್ನು ಪೈಪಿನ ಮೇಲೆ ಬಲಗಾಲಿನ ಪಕ್ಕ ಇಡಲು ಹೋದಳು, ಜಾಗ ಸಾಲದೆ ಹಿಮ್ಮಡಿ ದುಂಡು ಸ್ಟೀಲಿನ ಮೇಲೆ ಜಾರಿತು. ಮಗಳು ಸೊಂಟ ಹಿಡಿದುಕೊಂಡಳು.

"ದೊಡ್ಡಮ್ಮ, ಆ ಕಾಲು ಒಳಗೇ ಇಡು, ಒಳಗೆ!"

"ಇಡಲ್ಲ."

"ಯಾಕೆ, ನೋವಾ?"

"ಹ್ಞೂಂ. ಮೊಣಕಾಲು ನೋವು. ಇಳಿಸ್ರಿ."

ಇಳಿಸಿದೆವು. ಚಪ್ಪಲಿ ಹಾಕಿಕೊಂಡು ಒಳಗೆ ಹೋದಳು. ಕಾಫಿ ಕೊಟ್ಟಳು, ಚೌಚೌ ಕೊಟ್ಟಳು, ಮಳೆಯ ವಿಷಯ ಕೇಳಿದಳು. ನಾವಿಬ್ಬರೇ ವಾಪಸ್ ಬಂದೆವು. ಹಾನಗಲ್ ತಿರುವಿಗೆ ಬರುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತಿದ್ದ ನನಗೆ ಒಂದು ಪ್ರಶ್ನೆ ಕೊರೆಯತೊಡಗಿತು. ನೋವಿದ್ದವಳು 'ಆಗಲ್ಲ' ಅನ್ನಬೇಕಿತ್ತು. ಅವಳು ಅಂದದ್ದು 'ಇಡಲ್ಲ'.

ಕಾನ್ವೆಂಟಿನಲ್ಲಿ ನಮಗೆ ಸೈನ್ಸ್ ಹೇಳಿಕೊಡುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ಅರ್ಥವಾಗದ್ದನ್ನು ಮೊದಲು ಸುಮ್ಮನೆ ನೋಡಬೇಕು, ಅಭಿಪ್ರಾಯ ಆಮೇಲೆ ಅನ್ನುತ್ತಿದ್ದರು. ಅಬ್ಸರ್ವ್, ಡೋಂಟ್ ಗೆಸ್. ನಾನು ಸೋಮವಾರ ಬೆಳಿಗ್ಗೆ ಕೊಡೆ ಹಿಡಿದು ಸಾಹೇಬರ ಅಂಗಡಿಗೆ ಹೋಗಿ ಸ್ಟೂಲು ಹಾಕಿಕೊಂಡು ಕೂತೆ. ಹೈವೇಯಲ್ಲಿ ಹೋಗುವ ದೊಡ್ಡ ಗಾಡಿಗಳೆಲ್ಲ ಪಂಕ್ಚರಿಗೋ ಟೀಗೋ ಅಲ್ಲಿ ನಿಲ್ಲುತ್ತವೆ. ಇಳಿಯುವವರ, ಹತ್ತುವವರ ಕಾಲುಗಳನ್ನೇ ನೋಡುತ್ತಾ ಹೋದೆ. ಹಳೆಯ ಡೈರಿಯೊಂದರಲ್ಲಿ ಗೆರೆ ಎಳೆದು ಒಂದು ಕಡೆ 'ಎಡ', ಒಂದು ಕಡೆ 'ಬಲ' ಎಂದು ಗುರುತು ಹಾಕಿಕೊಂಡೆ.

"ಏನ್ ಅಮ್ಮಾಜಿ, ಸಿಐಡಿ ಡ್ಯೂಟಿಯಾ?"

"ಹೌದು. ಕಾಲು ಕಳ್ಳರನ್ನು ಹುಡುಕ್ತಿದೀನಿ."

"ಹಂಗಾದ್ರೆ ನನ್ನ ಕಾಲೂ ಬರ್ಕಳ್ರಿ," ಅಂತ ಅವರು ಒಂದು ಗಾಡಿ ಹತ್ತಿ ಇಳಿದು ತೋರಿಸಿದರು.

ಮನುಷ್ಯರ ಕಾಲುಗಳು ಎಷ್ಟು ಇಂಟರೆಸ್ಟಿಂಗ್ ಗೊತ್ತೆ? ಗಂಡಸರು ಮೆಟ್ಟಿಲನ್ನು ಉಪಯೋಗಿಸುವುದೇ ಇಲ್ಲ, ಹಾಕಿಸುವವರು ಮಾತ್ರ ಅವರೇ. ಮಕ್ಕಳು ಅದರ ಮೇಲೆ ಕೂರುತ್ತಾರೆ. ಒಬ್ಬರು ಅದರ ಮೇಲೆ ಟೀ ಲೋಟ ಇಟ್ಟರು. ಹೆಂಗಸರು ಸೀರೆಯ ನೆರಿಗೆಯನ್ನು ಎಡಗೈಯಲ್ಲಿ ಹಿಡಿಯುತ್ತಾರೆ, ಚೂಡಿದಾರದವರು ಏನೂ ಹಿಡಿಯುವುದಿಲ್ಲ. ಆದರೆ ಎಡ ಬಾಗಿಲಿನಿಂದ ಮೆಟ್ಟಿಲು ಹತ್ತಿದವರೆಲ್ಲ, ವಯಸ್ಸಾದವರು ಒಬ್ಬರಿಬ್ಬರನ್ನು ಬಿಟ್ಟು, ಮೊದಲು ಎಡಗಾಲನ್ನೇ ಇಟ್ಟರು. ಎಡಗಾಲು ಮೆಟ್ಟಿಲ ಮೇಲೆ, ಬಲಗಾಲು ಒಳಗೆ, ಕೂತಾಯಿತು. ಯಾರೂ ಯೋಚಿಸಿ ಇಡುವುದಿಲ್ಲ, ದೇಹ ತಾನಾಗಿ ಹಾಗೆ ತಿರುಗುತ್ತದೆ.

ಮನೆಗೆ ಬಂದು ನಮ್ಮ ಅಂಗಳದಲ್ಲಿ ನಿಂತ ಕಾರಿಗೆ ಅಕ್ಕ ಹತ್ತಿದ ಹಾಗೆಯೇ ಹತ್ತಲು ನೋಡಿದೆ. ಬಲಗಾಲು ಪೈಪಿನ ಮೇಲೆ. ಈಗ ಒಳಗೆ ಹೋಗಬೇಕಾದದ್ದು ಎಡಗಾಲು. ಹಾಗೆ ಹೋದರೆ ಬೆನ್ನು ಡ್ರೈವರ್ ಕಡೆಗೆ, ಮುಖ ಡಿಕ್ಕಿಯ ಕಡೆಗೆ! ಕಾಲಿಗೆ ಕಾಲು ಅಡ್ಡ, ನೆರಿಗೆ ಎರಡರ ನಡುವೆ. ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ, "ಏನಾಯ್ತ್ರಿ, ಕೀ ಬಿದ್ದೋಯ್ತಾ?" ಅಂತ ಕೇಳಿದರು.

ಪೈಪಿನ ಎತ್ತರ ಸರಿಯಾಗಿಯೇ ಇತ್ತು. ಅಕ್ಕನಿಗೆ ಎಡವಟ್ಟಾಗಿದ್ದು ಬಲಗಾಲಿನಿಂದ. ಮೊದಲು ಬಲಗಾಲು ಇಟ್ಟವಳಿಗೆ ಮುಂದಿನ ಹೆಜ್ಜೆ ಎಡಗಾಲಿನದೇ ಆಗಬೇಕು, ಆ ಎಡಗಾಲನ್ನು ಅವಳು ಒಳಗೆ ಇಡಲೊಲ್ಲಳು. ಬಲಗಾಲಿಟ್ಟು ಒಳಗೆ ಬಾ ಎನ್ನುವುದನ್ನು ನಮ್ಮ ಕಡೆ ಯಾರಿಗೂ ಕಲಿಸಬೇಕಾಗಿಲ್ಲ, ಸರಿಯೇ. ಹಾಗಂತ ದಿನಾ ಬಸ್ಸು, ಆಟೋ, ಬ್ಯಾಂಕು ಹತ್ತಿ ಇಳಿಯುವಾಗ ಯಾರು ಅದನ್ನು ಲೆಕ್ಕ ಇಡುತ್ತಾರೆ? ಹಳೇ ಕಾಲದ ಮನಸ್ಸು, ನಾಲ್ಕನೇ ಕ್ಲಾಸಿಗೆ ಬಿಡಿಸಿದರಲ್ಲ ಪಾಪ, ಅಂತ ಸ್ವಲ್ಪ ದೊಡ್ಡವಳಂತೆ ಮರುಗಿದೆ. ಅದನ್ನು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಕೇಳಿಯೇಬಿಡೋಣ ಅಂತ ಬುಧವಾರ ಒಬ್ಬಳೇ ಬಸ್ಸು ಹತ್ತಿದೆ. ಮಗಳಿಗೆ ಹೇಳಲಿಲ್ಲ.

ಅಕ್ಕ ಹಿತ್ತಲ ಕಟ್ಟೆಯ ಮೇಲೆ ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಸೊಸೆ ಬ್ಯಾಂಕಿಗೆ ಹೋಗಿದ್ದಳು. ಪುಣ್ಯಕ್ಕೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಅಯ್ಯ, ಬಸ್ಸಲ್ಲಿ ಬಂದ್ಯಾ? ಏನೇ ಆಯ್ತು?"

"ಏನೂ ಆಗಿಲ್ಲ. ಒಂದು ಪ್ರಶ್ನೆ ಕೇಳೋಕೆ ಬಂದೆ."

"ಪ್ರಶ್ನೆ ಕೇಳಾಕೆ ಬಸ್ ಚಾರ್ಜು ಕೊಟ್ಟು ಬಂದಳಂತೆ. ಕೇಳು."

"ನೀನು ಬಸ್ಸು ಹತ್ತುತೀಯಲ್ಲ, ಕಾರು ಯಾಕೆ ಹತ್ತಲ್ಲ? ಬಸ್ಸಿನ ಮೆಟ್ಲು ಇನ್ನೂ ಎತ್ತರ."

"ಬಸ್ಸಲ್ಲಿ ಎಲ್ಡೂ ಪಾದ ಊರಾಕೆ ಜಾಗ ಐತೆ," ಅಂದಳು ತಟ್ಟನೆ. "ಬಲಗಾಲು ಇಡು, ಎಡಗಾಲು ತಂದು ಪಕ್ಕಕ್ಕಿಡು. ಮತ್ತೆ ಬಲಗಾಲು ಇಡು. ಎಷ್ಟು ಮೆಟ್ಲಿದ್ರೂ ಹಂಗೇ. ನಿಮ್ಮ ಬೆಳ್ಳಿ ಪೈಪಿನ ಮ್ಯಾಲೆ ಗಿಣಿ ಕೂರಬೌದು, ನಾನೆಂಗೆ ಕೂರಲಿ?"

"ಅಕ್ಕ, ಎಡಗಾಲು ಮೊದಲು ಒಳಗೆ ಹೋದ್ರೆ ಏನಾಗುತ್ತೆ? ನೀನು ನಿಜವಾಗ್ಲೂ ನಂಬ್ತೀಯಾ?"

ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಆಮೇಲೆ ನಗು ಬಂದು ತಡೆಯಲಾಗದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಿನಗೆ ಗೊತ್ತೇ ಇಲ್ಲ ಅಲ್ವೇನೇ? ಇಷ್ಟು ವರ್ಷ ಆದ್ರೂ ಗೊತ್ತಿಲ್ಲ?"

ಗೊತ್ತಿರಲಿಲ್ಲ. ಅವಳು ಹೇಳಿದಳು, ಸೊಪ್ಪು ಬಿಡಿಸುತ್ತಲೇ, ಯಾರದೋ ಮದುವೆಯ ಸುದ್ದಿ ಹೇಳಿದ ಹಾಗೆ.

ಅವಳ ಮದುವೆಯಾಗಿ ಇದೇ ಮನೆಗೆ ಬಂದ ದಿನ. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ಬಲಗಾಲಿನಿಂದ ಸೇರನ್ನು ಒದ್ದು, ಅದೇ ಕಾಲನ್ನು ಒಳಗಿಡಬೇಕು. ಅವ್ವ ಒಂದು ವಾರದಿಂದ ಅದನ್ನೇ ಹೇಳಿಕೊಟ್ಟಿದ್ದಳು. ನಾನು ಅವಳ ಹಿಂದೆಯೇ ನಿಂತಿದ್ದೆನಂತೆ. ಅದೇ ವರ್ಷ ನಮ್ಮ ಸ್ಕೂಲಿನಲ್ಲಿ ಡ್ರಿಲ್ ಶುರುವಾಗಿತ್ತು. ಅಕ್ಕ ಹೊಸ್ತಿಲ ಮುಂದೆ ಕಾಲೆತ್ತುವಾಗ ನಾನು ಹಿಂದಿನಿಂದ ಡ್ರಿಲ್ ಮಾಸ್ಟರ ಗಂಟಲಿನಲ್ಲಿ, "ಲೆಫ್ಟ್! ರೈಟ್! ಲೆಫ್ಟ್!" ಅಂದೆನಂತೆ.

"ನಂಗೆ ನಗು ತಡಿಯಾಕಾಗಲಿಲ್ಲ ಕಣೇ. ಮುಸುಕಿನೊಳಗೆ ನಕ್ಕೋತಾ, ಯಾವ ಕಾಲು ಎತ್ತಿದೀನಿ ಅಂತ ಮರ್ತೇಬಿಟ್ಟೆ. ಎಡಗಾಲಲ್ಲಿ ಒದ್ದೆ. ಸೇರು ಮುಂದಕ್ಕೆ ಹೋಗೋದು ಬಿಟ್ಟು ಪಕ್ಕದಲ್ಲಿದ್ದ ನಮ್ಮ ಅತ್ತೆ ಕಾಲ ಮ್ಯಾಲೆ ಬಿತ್ತು."

ನನಗೆ ಮೊದಲು ನಗುವೇ ಬಂತು. ಅವಳೂ ನಕ್ಕಳು. ಆಮೇಲೆ ಉಳಿದದ್ದನ್ನು ಹೇಳಿದಳು. ಅವಳ ಅತ್ತೆ ಸಾಯುವವರೆಗೂ ಆ ಕಾಲನ್ನು ಮರೆಯಲಿಲ್ಲವಂತೆ. ಮಗ್ಗದವರು ಮುಂಗಡ ತೆಗೆದುಕೊಂಡು ಬೇರೆಯವರಿಗೆ ಸೀರೆ ನೇಯ್ದು ಕೊಟ್ಟರೆ, ಎಡಗಾಲಿಟ್ಟು ಬಂದವಳ ದೆಸೆಯಿಂದ. ಮಾವನಿಗೆ ಜ್ವರ ಬಂದರೆ ಎಡಗಾಲು. ಎಮ್ಮೆ ಹಾಲು ಬತ್ತಿದರೆ ಎಡಗಾಲು. ಅಕ್ಕನ ಮೊದಲ ಮಗು ಹುಟ್ಟಿದ ವಾರಕ್ಕೇ ಹೋಯಿತಲ್ಲ, ಆಗಲೂ, ಬಾಣಂತಿಯ ಮಂಚದ ಪಕ್ಕ ನಿಂತು ಅದೇ ಮಾತು.

"ನೀನು ಯಾಕೆ ಹೇಳಲಿಲ್ಲ, ತಂಗಿ ಕೂಗಿದ್ದಕ್ಕೆ ಹಂಗಾಯ್ತು ಅಂತ?"

"ಹೇಳಿದ್ರೆ ನಿನ್ನ ಈ ಮನೆಗೆ ಬರಗೊಡ್ತಿದ್ರಾ? ರಜಾಕ್ಕೆ ನೀನೊಬ್ಳು ಬರ್ತಿದ್ದೆ. ಅದಕ್ಕೂ ಕಲ್ಲು ಹಾಕ್ಕಳ್ಲಾ?"

ಆ ರಜೆಗಳಲ್ಲಿ ಇದೇ ಕಟ್ಟೆಯ ಮೇಲೆ ಕೂತು ಅವಳಿಗೆ ಇಂಗ್ಲಿಷ್ ಪದ್ಯ ಹೇಳುತ್ತಿದ್ದೆ, ಅವಳು ಕೇಳುತ್ತಾ ಸೊಪ್ಪು ಬಿಡಿಸುತ್ತಿದ್ದಳು. ಅತ್ತೆ ಒಳಗಿನಿಂದ ತೆಲುಗಿನಲ್ಲಿ ಏನೇನೋ ಗೊಣಗುತ್ತಿದ್ದರು. ನನಗೆ ತೆಲುಗು ಬರುತ್ತಿರಲಿಲ್ಲ. 'ಎಡಮ ಕಾಲು' ಅನ್ನುವ ಮಾತು ಎಷ್ಟು ಸಲ ಕಿವಿಗೆ ಬಿದ್ದಿತ್ತೋ, ಅದು ಯಾವುದೋ ಅಡುಗೆಯ ಹೆಸರು ಅಂದುಕೊಂಡಿದ್ದೆ.

"ಸಾರಿ ಅಕ್ಕ," ಅಂದೆ.

"ನೋಡು, ಅರವತ್ತೆರಡು ವರ್ಷ ಆದ್ಮ್ಯಾಲೆ ಹೇಳಿದ್ಲು, ಅದೂ ಇಂಗ್ಲಿಷ್‌ನಾಗೆ!" ನನ್ನ ಮಂಡಿಯ ಮೇಲೆ ಸೊಪ್ಪಿನ ಕೈಯಲ್ಲೇ ಒಂದು ಏಟು ಕೊಟ್ಟಳು. "ನಂಬ್ತೀಯಾ ಅಂತ ಕೇಳಿದ್ಯಲ್ಲ. ನಾನು ನಂಬಲ್ಲ. ಎಮ್ಮೆ ಹಾಲು ಬತ್ತಾಕೂ ನನ್ನ ಕಾಲಿಗೂ ಏನೇ ಸಂಬಂಧ? ಆದ್ರೆ ಈ ಕಾಲು ನಂಬ್ತೈತೆ. ಯಾವ ಬಾಗಿಲಾದ್ರೂ ಸರಿ, ಯಾವ ಮೆಟ್ಲಾದ್ರೂ ಸರಿ, ಎಡಗಾಲು ಮುಂದಕ್ಕೆ ಹೋಗು ಅಂದ್ರೆ ಹೋಗಲ್ಲ. ನಾನೇನು ಮಾಡ್ಲಿ?"

ಸೊಸೆ ಬರುವ ಹೊತ್ತಾಯಿತು. ಹೊರಡುವ ಮೊದಲು ನಾನು ಅವಳ ಪಾದವನ್ನು ಹಳೆಯ ಪೇಪರಿನ ಮೇಲೆ ಇರಿಸಿ ಪೆನ್ಸಿಲಿನಿಂದ ಸುತ್ತ ಗೆರೆ ಎಳೆದುಕೊಂಡೆ, ಎರಡೂ ಪಾದ, ಜೊತೆಜೊತೆಗೆ. ಕಚಗುಳಿ ಆಗುತ್ತೆ ಅಂತ ಬೈದಳು.

ಆ ಪೇಪರನ್ನು ಸಾಹೇಬರ ಕೌಂಟರಿನ ಮೇಲೆ ಹಾಸಿದಾಗ ಮಗಳೂ ಇದ್ದಳು. ಸಾಹೇಬರು ಕನ್ನಡಕ ಏರಿಸಿಕೊಂಡು, "ಚಪ್ಪಲಿ ಅಂಗಡಿ ಆ ಕಡೆ ಐತೆ ಅಮ್ಮಾಜಿ," ಅಂದರು. ವಿಷಯ ಹೇಳಿದೆ, ಪೂರ್ತಿ ಅಲ್ಲ, ಕಾಲಿನ ಮಟ್ಟಿಗೆ ಎಷ್ಟು ಬೇಕೋ ಅಷ್ಟು. ಅವರು ನಗಲಿಲ್ಲ. "ನಮ್ಮ ಅಮ್ಮೀನೂ ಹಂಗೇ, ಸೀದಾ ಪಾಂವ್, ಬಲಗಾಲೇ ಮೊದಲು," ಅಂತ ಎದ್ದು ಹಲಗೆಗಳನ್ನು ಒಂದೊಂದಾಗಿ ಇಳಿಸಿ ಪೇಪರನ್ನು ಅದರ ಮೇಲಿಟ್ಟು ನೋಡಿದರು. ಒಂದರಲ್ಲಿ ಬೆರಳು ಹೊರಗೆ, ಇನ್ನೊಂದರಲ್ಲಿ ಹಿಮ್ಮಡಿ ಹೊರಗೆ. ಮೂರನೆಯದರಲ್ಲಿ ಎರಡು ಪಾದಗಳೂ ಆರಾಮವಾಗಿ ಕೂತವು.

"ಅಮ್ಮ, ಇದು ತುಂಬಾ ಅಗಲ. ನಾನು ಹೊಲಕ್ಕೆ ಹೋದ ಮೊದಲನೇ ದಿನವೇ ಕಿತ್ಕೊಂಡು ಬರುತ್ತೆ," ಅಂದಳು ಮಗಳು.

ಅವಳ ಮಾತೂ ಸುಳ್ಳಲ್ಲ. ಕಳೆದ ವಾರವೇ ಕುದಾಪುರದ ಕಡೆ ಹುಲ್ಲುಗಾವಲಿನ ಅಂಚಿನಲ್ಲಿ ಕುರಿ ನೋಡಲು ಹೋಗಿ ಬಲಗಡೆ ಪೈಪನ್ನು ಒಂದು ಬಂಡೆಗೆ ಸವರಿಕೊಂಡು ಬಂದಿದ್ದಳು. ಆ ಗೀರನ್ನು ನಾನೇ ನೋಡಿದ್ದೆ. ಅವಳ ಕೆಲಸದ ಗಾಡಿ ಅದು. ನಾನು ಪೇಪರನ್ನು ಮಡಿಸತೊಡಗಿದೆ. ಮಗಳು ನನ್ನ ಮುಖ ನೋಡಿದಳು, ಪೇಪರ್ ನೋಡಿದಳು.

"ಯಾವ ಕಡೆ ತಗುಲಿತ್ತು ಅದು? ಬಲಗಡೆ ಅಲ್ವಾ?" ಅಂತ ತನ್ನಷ್ಟಕ್ಕೇ ಅಂದುಕೊಂಡಳು. "ನಾನು ಕೂರೋದು ಬಲಗಡೆ. ಬದು ಹತ್ತಿಸುವಾಗ ಎಡಗಡೆ ಕಾಣಲ್ಲ ಅಂತ ಯಾವಾಗ್ಲೂ ಬಲಗಡೆಯನ್ನೇ ಕಲ್ಲಿಗೆ ಹತ್ತಿರ ಇಟ್ಕೋತೀನಿ. ದೊಡ್ಡಮ್ಮ ಹತ್ತೋದು ಎಡಗಡೆ. ಸಾಹೇಬ್ರೆ, ಒಂದು ಕಡೆ ಮಾತ್ರ ಹಲಗೆ ಹಾಕೋಕಾಗುತ್ತಾ?"

"ಹಾಕಬಹುದು ಡಾಕ್ಟರಮ್ಮ. ಆದ್ರೆ ಒಂದು ಕಾಲಿಗೆ ಬೂಟು, ಒಂದು ಕಾಲಿಗೆ ಹವಾಯಿ ಚಪ್ಪಲಿ ಹಾಕ್ಕಂಡಂಗೆ ಕಾಣ್ತೈತೆ. ನನ್ನ ಅಂಗಡಿ ಹೆಸರು ಮಾತ್ರ ಯಾರಿಗೂ ಹೇಳಬ್ಯಾಡ್ರಿ!"

ಎಡಗಡೆ ಪೈಪು ಬಿಚ್ಚಿ ಹಲಗೆ ಕೂರಿಸಲು ಮಧ್ಯಾಹ್ನದವರೆಗೆ ಹಿಡಿಯಿತು. ಬೋಲ್ಟಿನ ತೂತು ಹೊಂದಲಿಲ್ಲ, ಸಾಹೇಬರು ರಟ್ಟಿನ ಮೇಲೆ ಮಲಗಿ ಏನೋ ಬೈಯುತ್ತಾ ಹೊಸ ಕ್ಲಾಂಪು ಮಾಡಿದರು. ಕೊನೆಗೆ ತಾವೇ ಅದರ ಮೇಲೆ ಎರಡು ಕಾಲೂ ಊರಿ ಕುಣಿದು ತೋರಿಸಿದರು.

ಆ ಶನಿವಾರ ನಾನು ಅಕ್ಕನ ಪಕ್ಕ ನಿಲ್ಲಲಿಲ್ಲ. ಮೊದಲೇ ಹತ್ತಿ ಸೀಟಿನ ಆ ತುದಿಗೆ ಸರಿದು ಕೂತೆ, ಬಾಯಿಗೆ ಬೀಗ ಹಾಕಿಕೊಂಡು. ಮಗಳು ಸ್ಟೇರಿಂಗ್ ಮುಂದಿನಿಂದ ಏಳಲೇ ಇಲ್ಲ. ತೆರೆದ ಬಾಗಿಲಿನಲ್ಲಿ ಅಕ್ಕನ ತಲೆ ಮಾತ್ರ ಕಾಣುತ್ತಿತ್ತು. ಚಪ್ಪಲಿ ಬಿಟ್ಟ ಶಬ್ದ. ಹಿಡಿಯ ಮೇಲೆ ಅವಳ ಕೈ ಬಂತು, ಬಳೆಗಳು ಜಾರಿದವು. ತಲೆ ಮೇಲಕ್ಕೆ ಬಂತು, ಆಮೇಲೆ ಹೆಗಲು. ಎರಡೂ ಪಾದ ಹಲಗೆಯ ಮೇಲೆ ಬಂದಿರಬೇಕು, ಅವಳು ಅಲುಗದೆ ನಿಂತಳು.

ನಾನು ಕಾಯುತ್ತಿದ್ದೆ. ಅವಳು ಒಳಗೆ ಬರಲಿಲ್ಲ. ಮುಖ ಆಚೆ ತಿರುಗಿಸಿ ರಸ್ತೆಯ ಎದುರು ಬದಿಯನ್ನು ನೋಡುತ್ತಿದ್ದಳು.

"ದೊಡ್ಡಮ್ಮ, ಏನಾಯ್ತು? ಹಿಡ್ಕೋಬೇಕಾ?"

"ಸುಮ್ನಿರೇ ಸ್ವಲ್ಪ. ಎದುರು ಮನೆ ಕಾಂಪೌಂಡು ಕಟ್ಟಿಸಿದ ಮ್ಯಾಲೆ ಅವರ ಹಿತ್ತಲು ನಾನು ನೋಡೇ ಇರಲಿಲ್ಲ." ಹಲಗೆಯ ಮೇಲೆ ಇನ್ನಷ್ಟು ನೆಟ್ಟಗಾಗಿ, ಗೋಡೆಯಾಚೆಗೆ ಕೂಗಿದಳು: "ಏಮ್ಮಾ! ಬಣ್ಣ ಹಾಕಿದ ನೂಲನ್ನ ಬಿಸಿಲಿಗೆ ಹಿಂಗಾ ಒಣಗಾಕೋದು? ನೆರಳಿಗೆ ಹಾಕು, ಬಿಳುಚಿಕೊಳ್ತೈತೆ!"

ಗೋಡೆಯ ಆಚೆಯಿಂದ ಯಾರೋ ಗಾಬರಿಯಾಗಿ, "ಅಯ್ಯೋ, ಎಲ್ಲಿಂದ ಮಾತಾಡ್ತಿದೀಯ ಅತ್ತಮ್ಮ, ಮಾಳಿಗೆ ಹತ್ತೀಯೇನು?" ಅಂದರು.

"ಹ್ಞೂಂ, ಹತ್ತೀನಿ," ಅಂದಳು ಅಕ್ಕ. ಮಗಳು ಎಂಜಿನ್ ಆಫ್ ಮಾಡಿದಳು. ಅಕ್ಕ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತು, ನೂಲಿನ ಬಣ್ಣ ಯಾವುದು, ಯಾರ ಮಗ್ಗಕ್ಕೆ ಅಂತ ವಿಚಾರಿಸುತ್ತಿದ್ದಳು.